ಎಂಡೋಗೆ ಅಂತ ಊಟ ಬದಲಿಸಿದ ಮೇಲೆ ಹೊಟ್ಟೆ ಉಬ್ಬರ, ಗ್ಯಾಸ್, ಭೇದಿ: ಯಾವುದರಿಂದ ಎಂತ ಆಗುವುದು?

ಪೆರ್ಲಪೇಟೆ
ಎಂಡೊಮೆಟ್ರಿಯೋಸಿಸ್ (ಎಂಡೋ, ಗರ್ಭಕೋಶದ ಒಳಪದರದಂಥದ್ದು ಅದರ ಹೊರಗೆ ಬೆಳೆದು ನೋವು ಕೊಡುವ ಕಾಯಿಲೆ) ಇದ್ದವರಿಗೆ ಅಂತ ವಾಟ್ಸಾಪಿನಲ್ಲಿ ಒಂದು ಪಟ್ಟಿ ತಿರುಗ್ತಾ ಉಂಟು. ಗೋಧಿ, ಹಾಲು, ಸಕ್ಕರೆ, ಕಾಫಿ, ಕೆಂಪು ಮಾಂಸ ಇವತ್ತಿಂದಲೇ ಬಂದ್. ಬದಲಿಗೆ ಬೆಳಿಗ್ಗೆ ಎರಡು ದೊಡ್ಡ ಚಮಚ ಅಗಸೆಬೀಜ, ಮಧ್ಯಾಹ್ನ ಸಿರಿಧಾನ್ಯದ ಜೊತೆ ಒಂದು ಬೋಗುಣಿ ಹಸಿ ಕೋಸು, ಸಂಜೆ ಮೊಳಕೆ ಕಾಳು, ರಾತ್ರಿ ಮೆಗ್ನೀಸಿಯಂ ಮಾತ್ರೆ, ಮೀನೆಣ್ಣೆ ಕ್ಯಾಪ್ಸೂಲ್. ಇದನ್ನು ಹಿಡಿದವರದ್ದು ಹತ್ತು ದಿನದಲ್ಲಿ ಒಂದೇ ದೂರು. ಹೊಟ್ಟೆ ಚೆಂಡೆಯ ಹಾಗೆ ಬಿಗಿ, ಗ್ಯಾಸ್, ಕೆಲವರಿಗೆ ಭೇದಿ, ಕೆಲವರಿಗೆ ನಾಲ್ಕು ದಿನ ಕಕ್ಕಸೇ ಇಲ್ಲ. ಕೇಳಿದರೆ "ದೇಹದ ವಿಷ ಹೊರಗೆ ಹೋಗುವುದು, ತಾಳಿಕೊಳ್ಳಿ" ಅಂತ ಉತ್ತರ.

ಗೊತ್ತಿದ್ದವರು ಬಿಡಿಸಿ ಹೇಳಿ, ಯಾವುದರಿಂದ ಎಂತ? ಬ್ರೊಕೊಲಿ, ಕಿನೋವಾ ಅಂತೆಲ್ಲ ಬೇಡ. ನಮ್ಮ ಕಾಸರಗೋಡಿನ ಬದಿಯಡ್ಕ, ಕುಂಬಳೆ ಪೇಟೆಯಲ್ಲಿ ಸಿಗುವುದನ್ನು ಹೇಳಿ.

ಒರಳುಕಲ್ಲು
ವಿಷವೂ ಇಲ್ಲ, ಮಣ್ಣೂ ಇಲ್ಲ. ಒಮ್ಮೆಲೇ ನಾರು ಜಾಸ್ತಿ ಆದದ್ದು.

ಬಸಳೆಚಪ್ಪರ
ಒರಳುಕಲ್ಲು ಹೇಳಿದ್ದು ಮುಕ್ಕಾಲು ಸರಿ. ಲೆಕ್ಕ ಹಾಕಿ ನೋಡಿ. ಎರಡು ದೊಡ್ಡ ಚಮಚ ಅಗಸೆಪುಡಿಯಲ್ಲಿ ಸುಮಾರು 4 ಗ್ರಾಂ ನಾರು. ಕೋಸು 100 ಗ್ರಾಮಿಗೆ ಎರಡೂವರೆ. ಅದರ ಮೇಲೆ ಸಿರಿಧಾನ್ಯ, ಮೊಳಕೆ ಕಾಳು. ನಿನ್ನೆ ತನಕ ಅನ್ನ-ಸಾರು ಉಂಡ ಹೊಟ್ಟೆಗೆ ಒಂದೇ ದಿನದಲ್ಲಿ ಹತ್ತು ಗ್ರಾಂ ಹೆಚ್ಚಾಯಿತು. ಸಣ್ಣ ಕರುಳಲ್ಲಿ ಕರಗದ್ದನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಹುಳಿಸ್ತದೆ, ಅದರಿಂದ ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್ ಬರ್ತದೆ. ಇಷ್ಟು ಗ್ಯಾಸ್ ಬೇರೆಯವರಿಗೂ ಆದೀತು. ಆದರೆ ಎಂಡೋ ಇದ್ದವರಲ್ಲಿ ಕರುಳಿನ ನರ ಮೊದಲೇ ಸೂಕ್ಷ್ಮ ಆಗಿರ್ತದೆ, ಸ್ವಲ್ಪ ಹಿಗ್ಗಿದರೂ ನೋವು.

ಮಾಡುವ ಕ್ರಮ: ವಾರಕ್ಕೆ 3ರಿಂದ 5 ಗ್ರಾಂ ಮಾತ್ರ ಏರಿಸುವುದು, ಒಂದು ಸಲಕ್ಕೆ ಒಂದೇ ಹೊಸ ವಸ್ತು. ಅಗಸೆ ಬೇಕಾದರೆ ಅರ್ಧ ಟೀ ಚಮಚದಿಂದ ಸುರು, ಪುಡಿ ಮಾಡಿ. ಇಡೀ ಬೀಜ ಹೋದ ಹಾಗೇ ಹೊರಗೆ ಬರ್ತದೆ. ಕೋಸು ಹಸಿಯಾಗಿ ಬೇಡ, ಬೇಯಿಸಿದ ಪಲ್ಯ ಮುಕ್ಕಾಲು ಕಪ್. ಮೊಳಕೆ ಕಾಳಿನ ಬದಲು ತೆಳ್ಳಗೆ ಹೆಸರುಬೇಳೆ ತೊವ್ವೆ. ನೀರು ಸಾಲದಿದ್ದರೆ ಇದೇ ನಾರು ಮಲವನ್ನು ಗಟ್ಟಿ ಮಾಡ್ತದೆ. ನಾಲ್ಕು ದಿನ ಕಕ್ಕಸಿಗೆ ಹೋಗದವರ ಕತೆ ಬಹುಶಃ ಇದೇ.

ಹೊಸಂಗಡಿ ಬಸ್ಸು
ಸಿರಿಧಾನ್ಯ ನಮ್ಮ ಕಡೆಗೆ ಬಂದದ್ದೇ ಮೊನ್ನೆ ಮೊನ್ನೆ. ಕುಚ್ಚಲಕ್ಕಿಗೆ ಎಂತ ಕೊರತೆ ಮಾರಾಯ್ರೆ?

ಬಸಳೆಚಪ್ಪರ
ಕೊರತೆ ಏನಿಲ್ಲ. ಹೊಟ್ಟೆ ಕೆಟ್ಟಾಗ ಬಿಸಿ ಕುಚ್ಚಲಕ್ಕಿ ಗಂಜಿಯಷ್ಟು ಒಳ್ಳೆಯದು ಬೇರೆ ಇಲ್ಲ. ಒಂದು ಮಾತು ಮಾತ್ರ ನೆನಪಿರಲಿ. ರಾತ್ರಿ ಇಟ್ಟ ತಂಗಳನ್ನದಲ್ಲಿ ಕರಗದ ಪಿಷ್ಟ ಹೆಚ್ಚು. ಅದು ಕರುಳಿಗೆ ಒಳ್ಳೆಯದೇ, ಆದರೆ ಉಬ್ಬರ ಇರುವ ವಾರ ಬಿಸಿಯದ್ದೇ ಇರಲಿ.

ಕಡಲಕರೆ
ಎಲ್ಲರೂ ತಟ್ಟೆ ನೋಡ್ತಿದ್ದೀರಿ, ಕ್ಯಾಲೆಂಡರ್ ಯಾರೂ ನೋಡ್ತಿಲ್ಲ. ಎಂಡೋದಲ್ಲಿ ಊಟ ಬದಲಿಸದಿದ್ದರೂ ಹೊಟ್ಟೆ ಉಬ್ಬುತ್ತದೆ. ಮುಟ್ಟಿಗೆ ಮೊದಲಿನ ವಾರ ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನು ಕರುಳನ್ನು ನಿಧಾನ ಮಾಡ್ತದೆ, ಆಗ ಮಲಬದ್ಧತೆ, ಬಿಗಿತ. ಮುಟ್ಟಾದ ದಿನ ಪ್ರೊಸ್ಟಾಗ್ಲಾಂಡಿನ್ ಅನ್ನುವ ರಾಸಾಯನಿಕ ಏರಿ ಗರ್ಭಕೋಶದ ಜೊತೆ ಕರುಳನ್ನೂ ಹಿಂಡ್ತದೆ, ಆಗ ಭೇದಿ. 20ನೇ ದಿನ ರಾಗಿ ಸುರು ಮಾಡಿದವರು 26ನೇ ದಿನ ರಾಗಿಯನ್ನು ಬಯ್ತಾರೆ. ಮುಟ್ಟಾದ ದಿನ ಹಾಲು ಬಿಟ್ಟವರು ಐದನೇ ದಿನ "ಹಾಲು ಬಿಟ್ಟೆ, ಸರಿಯಾಯ್ತು" ಅಂತಾರೆ. ಎರಡೂ ತಪ್ಪು ಲೆಕ್ಕ.

ಹೊಸತು ಏನೇ ಇದ್ದರೂ ಸ್ರಾವ ನಿಂತ ಮೇಲೆ ಸುರು ಮಾಡಿ. ಈ ತಿಂಗಳ 10ನೇ ದಿನವನ್ನು ಕಳೆದ ತಿಂಗಳ 10ನೇ ದಿನಕ್ಕೆ ಹೋಲಿಸಿ, ನಿನ್ನೆಗೆ ಅಲ್ಲ. ಪುಸ್ತಕದಲ್ಲಿ ಬರೆಯಬೇಕಾದ್ದು: ಚಕ್ರದ ದಿನ, ತಿಂದದ್ದು, ಗುಳಿಗೆ, ನೋವು ಹತ್ತರಲ್ಲಿ ಎಷ್ಟು, ಮಲ ಹೇಗಿತ್ತು. ಮಲಕ್ಕೆ ಬ್ರಿಸ್ಟಲ್ ಪಟ್ಟಿಯ 1ರಿಂದ 7ರ ಅಂಕೆ ಹಾಕಿದರೆ ಸಾಕು. 1 ಅಂದರೆ ಆಡಿನ ಹಿಕ್ಕೆ, 4 ಸರಿಯಾದದ್ದು, 7 ಬರೀ ನೀರು.

ಗುಜ್ಜೆಪಲ್ಯ
ಇಷ್ಟೆಲ್ಲ ಸರ್ಕಸ್ ಯಾಕೆ? ಗೋಧಿ ಬಿಟ್ಟರೆ ಅರ್ಧ ಕಾಯಿಲೆ ಹೋಗ್ತದೆ. ಇಟಲಿಯಲ್ಲಿ 2012ರಲ್ಲೇ ತೋರಿಸಿ ಆಗಿದೆ. 207 ಹೆಂಗಸರು, 12 ತಿಂಗಳು ಗ್ಲುಟನ್ (ಗೋಧಿಯ ಪ್ರೋಟೀನ್) ಇಲ್ಲದ ಊಟ, 75 ಶೇಕಡಾ ಮಂದಿಗೆ ನೋವು ಕಡಿಮೆ.

ಕಡಲಕರೆ
ಆ ಅಧ್ಯಯನದಲ್ಲಿ ಹೋಲಿಸಿ ನೋಡಲಿಕ್ಕೆ ಗೋಧಿ ಬಿಡದವರ ಗುಂಪೇ ಇರಲಿಲ್ಲ ಅಣ್ಣ. ವರ್ಷವಿಡೀ ಮುತುವರ್ಜಿಯಿಂದ ಊಟ ಮಾಡಿ "ಹೇಗಿದೆ?" ಅಂತ ಕೇಳಿದರೆ ಬಹಳ ಮಂದಿ ಚೆನ್ನಾಗಿದೆ ಅಂತಲೇ ಹೇಳುವುದು. ಯುರೋಪಿನ ಸಂತಾನೋತ್ಪತ್ತಿ ತಜ್ಞರ ಈಶ್ರೆ ಸಂಘದ 2022ರ ಮಾರ್ಗಸೂಚಿಯೂ ಎಂಡೋಗೆ ಇಂಥದ್ದೇ ಆಹಾರ ಅಂತ ಯಾವುದನ್ನೂ ಶಿಫಾರಸು ಮಾಡಿಲ್ಲ.

ಗುಜ್ಜೆಪಲ್ಯ
ಮಾರ್ಗಸೂಚಿ ಬರುವ ತನಕ ನೋವು ತಿನ್ನುವುದಾ? ಬಿಟ್ಟವರಿಗೆ ಹಗುರ ಆಗುವುದು ಸುಳ್ಳಾ?

ಬಸಳೆಚಪ್ಪರ
ಹಗುರ ಆಗುವುದು ನಿಜ, ಕಾರಣ ಬೇರೆ ಇರಬಹುದು. ಗೋಧಿಯಲ್ಲಿ ಗ್ಲುಟನ್ ಅಲ್ಲದೆ ಫ್ರಕ್ಟಾನ್ ಅಂತ ಒಂದು ಸಕ್ಕರೆಸರಪಳಿ ಉಂಟು, ಉಬ್ಬರಕ್ಕೆ ಹೆಚ್ಚಾಗಿ ಅದೇ ಕಾರಣ. ಅದೇ ಫ್ರಕ್ಟಾನ್ ನೀರುಳ್ಳಿ, ಬೆಳ್ಳುಳ್ಳಿಯಲ್ಲಿ ಧಾರಾಳ. ಗೋಧಿ ಬಿಟ್ಟು ನೀರುಳ್ಳಿ ಬಜೆ ತಿಂದರೆ ಲೆಕ್ಕ ಅಲ್ಲಿಗೇ ಬಂತು. ಇನ್ನೊಂದು, ನಮ್ಮದು ಅಕ್ಕಿಯ ಊರು. ನೀರುದೋಸೆ, ಪುಂಡಿ, ಒತ್ತುಶ್ಯಾವಿಗೆ, ಗಂಜಿ ಯಾವುದರಲ್ಲೂ ಗೋಧಿ ಇಲ್ಲ. ನಮ್ಮಲ್ಲಿ ಗೋಧಿ ಬಿಡುವುದು ಅಂದರೆ ಮುಖ್ಯವಾಗಿ ಬೇಕರಿ ಮತ್ತು ಪರೋಟ ಬಿಡುವುದು. ಮೈದಾ, ಡಾಲ್ಡಾ, ಸಕ್ಕರೆ ಮೂರೂ ಒಟ್ಟಿಗೆ ಹೋದ ಮೇಲೆ ಹೆಸರು ಗ್ಲುಟನ್‌ಗೆ ಮಾತ್ರ ಯಾಕೆ?

ಬಿಡುವವರು ಒಂದು ಕೆಲಸ ಮೊದಲು ಮಾಡಿ. ಸೀಲಿಯಾಕ್ ಕಾಯಿಲೆಯ (ಗ್ಲುಟನ್ ತಿಂದರೆ ಸಣ್ಣ ಕರುಳು ಕೆಡುವುದು) ರಕ್ತಪರೀಕ್ಷೆ, ಟಿಟಿಜಿ-ಐಜಿಎ ಅಂತ ಕೇಳಬೇಕು. ಗೋಧಿ ಬಿಟ್ಟ ಮೇಲೆ ಮಾಡಿದರೆ ಕಾಯಿಲೆ ಇದ್ದರೂ ಇಲ್ಲ ಅಂತ ಬರಬಹುದು. ಆಗ ಪುನಃ ಆರು ವಾರ ದಿನಾ ಒಂದಕ್ಕಿಂತ ಹೆಚ್ಚು ಹೊತ್ತು ಗೋಧಿ ತಿಂದು ಪರೀಕ್ಷೆಗೆ ಹೋಗಬೇಕು.

ನೀರುದೋಸೆ
ಹೀಗೆ ಬಿಡುವುದಕ್ಕೇ ಅಲ್ವಾ ಲೋ-ಫಾಡ್‌ಮ್ಯಾಪ್ ಅನ್ನುವುದು? ಅದನ್ನು ಸ್ವಲ್ಪ ಬಿಡಿಸಿ ಬರೆಯಿರಿ ಅಕ್ಕ.

ಬಸಳೆಚಪ್ಪರ
ಹೌದು. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ಐಬಿಎಸ್‌ಗೆ (ಹೊಟ್ಟೆನೋವು, ಭೇದಿ, ಮಲಬದ್ಧತೆ ಮತ್ತೆ ಮತ್ತೆ ಬರುವ ಕರುಳಿನ ತೊಂದರೆ) ಅಂತ ಕಟ್ಟಿದ ಕ್ರಮ, ಈಗ ಎಂಡೋದ ಹೊಟ್ಟೆ ತೊಂದರೆಗೂ ಪರೀಕ್ಷಿಸಿದ್ದಾರೆ. ಬೇಗ ಹುಳಿಯುವ ಸಣ್ಣ ಸಕ್ಕರೆಗಳನ್ನು (ಇವಕ್ಕೇ ಫಾಡ್‌ಮ್ಯಾಪ್ ಅನ್ನುವುದು) 2ರಿಂದ 6 ವಾರ ಇಳಿಸುವುದು, ಆಮೇಲೆ ಒಂದೊಂದಾಗಿ ವಾಪಸ್ ತರುವುದು, ಕೊನೆಗೆ ತನಗೆ ಆಗದ್ದನ್ನು ಮಾತ್ರ ದೂರ ಇಡುವುದು. ಜನ ಮೊದಲ ಹಂತದಲ್ಲೇ ನಿಂತುಬಿಡ್ತಾರೆ, ಅದೇ ದೊಡ್ಡ ತಪ್ಪು. ಕರುಳಿನ ಒಳ್ಳೆ ಬ್ಯಾಕ್ಟೀರಿಯಾಗಳ ಊಟವೂ ಅದೇ ಸಕ್ಕರೆಗಳು. ಹಾಗಾಗಿ ತಿಂಗಳುಗಟ್ಟಲೆ ನಿಲ್ಲಿಸಬಾರದು.

ಇಳಿಸುವುದು: ನೀರುಳ್ಳಿ, ಬೆಳ್ಳುಳ್ಳಿ, ಗೋಧಿ, ಹಾಲು, ಕಾಳುಗಳು, ಹೂಕೋಸು, ಅಣಬೆ, ಮಾವು, ಜೇನು. ಮತ್ತೆ ನಮ್ಮ ಊರಿನ ಗೇರುಬೀಜ. ಗೇರುಬೀಜ ಫಾಡ್‌ಮ್ಯಾಪಿನಲ್ಲಿ ಭಾರೀ ಹೆಚ್ಚು, ನೆಲಗಡಲೆ ಪರವಾಗಿಲ್ಲ. ಹಲಸಿನ ಬೀಜದ ಗ್ಯಾಸ್ ಬಗ್ಗೆ ಈ ಊರಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ತಿನ್ನಬಹುದಾದದ್ದು: ಅಕ್ಕಿಯದ್ದು ಎಲ್ಲ, ಮೀನು, ಮೊಟ್ಟೆ, ಮುಳ್ಳುಸೌತೆ, ಕ್ಯಾರೆಟ್, ಬಟಾಟೆ, ಬೀನ್ಸ್, ಬೆಂಡೆ, ಬದನೆ (ಈ ಕೊನೆಯ ಮೂರು ಹೊತ್ತಿಗೆ 75 ಗ್ರಾಂ, ಅಂದರೆ ಮುಕ್ಕಾಲು ಕಪ್), ಶುಂಠಿ, ಅರಸಿನ, ತೆಂಗಿನೆಣ್ಣೆ, ಅರ್ಧ ಕಪ್ ತನಕ ತೆಂಗಿನತುರಿ. ಬಾಳೆಹಣ್ಣು ಸ್ವಲ್ಪ ಗಟ್ಟಿ ಇರುವಾಗಲೇ ತಿನ್ನಿ, ಸಿಪ್ಪೆ ಕಪ್ಪಾಗುವಷ್ಟು ಹಣ್ಣಾದರೆ ಫ್ರಕ್ಟಾನ್ ಹೆಚ್ಚು.

ಒರಳುಕಲ್ಲು
ನೀರುಳ್ಳಿ ಬೆಳ್ಳುಳ್ಳಿ ಇಲ್ಲದ ಅಡಿಗೆ ನಮ್ಮ ಕಡೆ ಹೊಸತಲ್ಲ. ದೇವಸ್ಥಾನದ ಊಟ, ಹವ್ಯಕರ ಮೇಲಾರ, ತಂಬುಳಿ ಎಲ್ಲ ಹಾಗೇ. ಈಗ ಮೆಲ್ಬರ್ನಿನಿಂದ ಬಂದು ಕಲಿಸಬೇಕಾ?

ನೀರುದೋಸೆ
ಬೆಳ್ಳುಳ್ಳಿ ಇಲ್ಲದೆ ಬೂತಾಯಿ ಗಸಿ ಹೇಗೆ ಮಾಡುವುದು, ಅದನ್ನು ಹೇಳಿ ಮೊದಲು.

ಒರಳುಕಲ್ಲು
ಪರಿಮಳ ಎಣ್ಣೆಗೆ ಇಳಿಯುತ್ತದೆ, ಫ್ರಕ್ಟಾನ್ ಇಳಿಯುವುದಿಲ್ಲ. ಅದು ನೀರಲ್ಲಿ ಮಾತ್ರ ಕರಗುವುದು. ಎರಡು ಚಮಚ ತೆಂಗಿನೆಣ್ಣೆಯಲ್ಲಿ ನಾಲ್ಕು ಎಸಳು ಇಡಿಯಾಗಿ ಹಾಕಿ, ಸಣ್ಣ ಬೆಂಕಿಯಲ್ಲಿ ಕೆಂಪಾಗುವ ತನಕ ಬಿಡಿ. ಎಸಳನ್ನು ಪೂರ್ತಿ ತೆಗೆದು ಆಮೇಲೆ ಮಸಾಲೆ, ನೀರು ಹಾಕಿ. ನೀರು ಬಿದ್ದ ಮೇಲೆ ತೆಗೆದರೆ ಪ್ರಯೋಜನ ಇಲ್ಲ, ಜಜ್ಜಿ ಹಾಕಿದರೂ ಇಲ್ಲ, ಚೂರು ಉಳಿದುಹೋಗ್ತದೆ. ಆ ಎಣ್ಣೆಯನ್ನು ಬಾಟ್ಲಿಗೆ ತುಂಬಿ ಕಪಾಟಿನಲ್ಲಿ ಇಡಬೇಡಿ. ಬೆಳ್ಳುಳ್ಳಿ ಎಣ್ಣೆ ಹೊರಗಿಟ್ಟರೆ ಬೊಟುಲಿಸಂ ಅನ್ನುವ ವಿಷದ ಭಯ ಉಂಟು. ಅಂದಂದೇ ಮಾಡಿ.

ಮನೆಯವರಿಗೆಲ್ಲ ಬೇರೆ ಅಡಿಗೆ ಬೇಡ. ಕೊದ್ದೆಲು ಬೋಳಾಗಿ ಕುದಿಸಿ, ಎಂಡೋ ಇದ್ದವರ ಪಾಲು ತೆಗೆದಿಟ್ಟು, ಉಳಿದದ್ದಕ್ಕೆ ಬೆಳ್ಳುಳ್ಳಿ ಒಗ್ಗರಣೆ ಕೊಡಿ.

ಚಂದ್ರಗಿರಿ ತೀರ
ಇಂಗು ಹಾಕಿದರೆ ಆಗುವುದಿಲ್ವಾ? ಗ್ಯಾಸಿಗೂ ಒಳ್ಳೆಯದು.

ಒರಳುಕಲ್ಲು
ಇಂಗಿನಿಂದ ತೊಂದರೆ ಇಲ್ಲ. ಆದರೆ ಅಂಗಡಿಯ ಪುಡಿ ಇಂಗು ಬರೀ ಇಂಗಲ್ಲ, ಮೈದಾ ಅಥವಾ ಅಕ್ಕಿಹಿಟ್ಟು ಸೇರಿಸಿದ ಕೂಟು ಇಂಗು. ಚಿಟಿಕೆಯಷ್ಟಕ್ಕೆ ಹೊಟ್ಟೆ ಉಬ್ಬಲಿಕ್ಕಿಲ್ಲ. ಸೀಲಿಯಾಕ್ ಇದ್ದವರಿಗೆ ಮಾತ್ರ ಅದೂ ಬೇಡ. ಡಬ್ಬಿಯ ಹಿಂದೆ ಓದಿ.

ಹೊಸಂಗಡಿ ಬಸ್ಸು
ಓದಲಿಕ್ಕೆ ಕನ್ನಡದಲ್ಲಿ ಎಲ್ಲಿ ಉಂಟು? ಇಲ್ಲಿನ ಪ್ಯಾಕೆಟಿನಲ್ಲಿ ಮಲಯಾಳ, ಇಲ್ಲದಿದ್ದರೆ ಇರುವೆ ಗಾತ್ರದ ಇಂಗ್ಲಿಷ್. ಆಸ್ಪತ್ರೆಯಲ್ಲಿ ಕೊಡುವ ಡಯಟ್ ಚೀಟಿಯೂ ಮಲಯಾಳವೇ.

ಚಂದ್ರಗಿರಿ ತೀರ
ಗೋದಂಬ್ ಅಂದರೆ ಗೋಧಿ, ಪಾಲ್ ಅಂದರೆ ಹಾಲು, ಉಳ್ಳಿ ಅಂದರೆ ನೀರುಳ್ಳಿ, ವೆಳುತ್ತುಳ್ಳಿ ಅಂದರೆ ಬೆಳ್ಳುಳ್ಳಿ, ಪರಿಪ್ಪ್ ಅಂದರೆ ಬೇಳೆ. ಈ ಐದು ಅಕ್ಷರ ರೂಪ ನೆನಪಿಟ್ಟುಕೊಂಡರೆ ಡಯಟಿಗೆ ಸಾಕು.

ಹೊಸಂಗಡಿ ಬಸ್ಸು
ಡಯಟಿನ ನೆಪದಲ್ಲಿ ಮಲಯಾಳ ಪಾಠ. ಆಗಲಿ.

ಗುಜ್ಜೆಪಲ್ಯ
ಹುರುಳಿ ಯಾಕೆ ಬಿಡಬೇಕು ಅಂತ ಅರ್ಥ ಆಗುವುದಿಲ್ಲ. ರಾತ್ರಿ ನೆನೆ ಹಾಕಿ, ಬೇಯಿಸಿ, ಕಾಳು ತೆಗೆದು ಬರೀ ಕಟ್ಟಿನ ಸಾರು ಮಾಡಿದರೆ ಹಗುರ ಅಲ್ವಾ?

ಬಸಳೆಚಪ್ಪರ
ಉಲ್ಟಾ! ಕಾಳಿನಲ್ಲಿ ಗ್ಯಾಸ್ ತರುವ ಸಕ್ಕರೆಗಳು ನೀರಿಗೆ ಇಳಿಯುವಂಥವು. ಬೇಯಿಸಿದ ಕಟ್ಟಿನಲ್ಲಿ ಅವೇ ತುಂಬಿರುವುದು. ಉಬ್ಬರ ಇರುವವರಿಗೆ ಹುರುಳಿ ಸಾರಿಗಿಂತ ಬಸಿದ ಕಾಳಿನ ಪಲ್ಯ ಮೇಲು. 12 ಗಂಟೆ ನೆನೆಸಿ, ನಡುವೆ ಒಮ್ಮೆ ನೀರು ಬದಲಿಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿ, ಆ ನೀರನ್ನೂ ಬಸಿದು, ಕಾಳು ಕಾಲು ಕಪ್. ಅಲಸಂದೆ, ಕಡಲೆಗೂ ಇದೇ ಕ್ರಮ.

ಗುಜ್ಜೆಪಲ್ಯ
ಕಟ್ಟು ಚೆಲ್ಲಿದ ಮೇಲೆ ಅದನ್ನು ಹುರುಳಿ ಅನ್ನುವುದು ಹೇಗೆ?

ಮಾತ್ರೆಡಬ್ಬಿ
ಗುಳಿಗೆಗಳ ಮಾತು ಯಾರೂ ಎತ್ತಲಿಲ್ಲ. ಊಟದ ತಲೆಗೆ ಕಟ್ಟಿದ ಎಷ್ಟೋ ದೂರು ಗುಳಿಗೆಯದ್ದು.

ಮೆಫೆನಾಮಿಕ್ ಆಸಿಡ್, ಐಬುಪ್ರೊಫೆನ್ ಅನ್ನುವ ನೋವಿನ ಮಾತ್ರೆ: ಖಾಲಿ ಹೊಟ್ಟೆಗೆ ತಗೊಂಡರೆ ಎದೆಯುರಿ, ಹುಳಿತೇಗು. ಅದರ ಮೇಲೆ "ಉರಿಯೂತ ಇಳಿಸುವ" ಕಾಳುಮೆಣಸಿನ ಕಷಾಯ ಕುಡಿದರೆ ಕೇಳುವುದೇ ಬೇಡ. ಮೆಫೆನಾಮಿಕ್ ಜೊತೆ ಡೈಸೈಕ್ಲೋಮಿನ್ ಸೇರಿದ ಮಾತ್ರೆ ಇನ್ನೊಂದು ಕೆಲಸ ಮಾಡ್ತದೆ. ಡೈಸೈಕ್ಲೋಮಿನ್ ಕರುಳಿನ ಹಿಂಡುವಿಕೆ ನಿಲ್ಲಿಸುವ ಮದ್ದು, ಹಾಗಾಗಿ ಬಾಯಿ ಒಣಗುವುದು, ಮಲ ಕಟ್ಟುವುದು.

ಕಬ್ಬಿಣದ ಮಾತ್ರೆ: ಮಲಬದ್ಧತೆ, ಕಪ್ಪು ಮಲ. ಕಪ್ಪು ಬಣ್ಣ ಮಾತ್ರ ಆದರೆ ಹೆದರುವುದು ಬೇಡ, ಟಾರಿನ ಹಾಗೆ ಅಂಟು ಮತ್ತು ನಾತ ಇದ್ದರೆ ತೋರಿಸಬೇಕು. ದಿನ ಬಿಟ್ಟು ದಿನ ಕೊಡುವ ಕ್ರಮವೂ ಉಂಟು, ಡಾಕ್ಟರಲ್ಲಿ ಕೇಳಿ. ಚಹಾ, ಕ್ಯಾಲ್ಸಿಯಂ ಮಾತ್ರೆಯಿಂದ ಎರಡು ಗಂಟೆ ದೂರ ಇಡಿ.

ಎಂಡೋಗೆ ಕೊಡುವ ಹಾರ್ಮೋನು ಮಾತ್ರೆ ಡೈನೊಜೆಸ್ಟ್ 2 ಮಿಗ್ರಾಂ ಸುರು ಮಾಡಿದ ತಿಂಗಳೇ ಡಯಟ್ ಸುರು ಮಾಡಬೇಡಿ. ಅದರಿಂದಲೂ ಕೆಲವರಿಗೆ ಉಬ್ಬರ ಬರ್ತದೆ, ಯಾವುದು ಯಾವುದರಿಂದ ಅಂತ ಗೊತ್ತೇ ಆಗುವುದಿಲ್ಲ.

ಮೆಗ್ನೀಸಿಯಂ: ಆಕ್ಸೈಡ್, ಸಿಟ್ರೇಟ್ ಎರಡೂ ಕರುಳಿಗೆ ನೀರು ಎಳೆದು ಭೇದಿ ಮಾಡಿಸ್ತವೆ. ಮಲಬದ್ಧತೆ ಇರುವವರಿಗೆ ಅದೇ ಉಪಕಾರ, ಭೇದಿ ಇರುವವರಿಗೆ ಗ್ಲೈಸಿನೇಟ್ ಸೌಮ್ಯ. ಮೂತ್ರಪಿಂಡದ ತೊಂದರೆ ಇದ್ದವರು ಕೇಳದೆ ಮುಟ್ಟಬಾರದು. ಮೀನೆಣ್ಣೆ ಕ್ಯಾಪ್ಸೂಲನ್ನು ಊಟದ ನಡುವೆ ನುಂಗಿ, ಇಲ್ಲದಿದ್ದರೆ ಇಡೀ ದಿನ ಮೀನು ತೇಗು.

ಕಡಲಕರೆ
ಕಾಸರಗೋಡಿನಲ್ಲಿ ಕೂತು ಮೀನೆಣ್ಣೆಗೆ ದುಡ್ಡು ಕೊಡುವುದು! ವಾರಕ್ಕೆ ಎರಡು ಮೂರು ಸಲ ಬಂಗುಡೆಯೋ ಬೂತಾಯಿಯೋ ಸಾಕು, ಹುರಿದದ್ದಲ್ಲ, ಗಸಿ.

ನೀರುದೋಸೆ
ಹಾಲು ಬಿಟ್ಟವರ ಕ್ಯಾಲ್ಸಿಯಂ ಕತೆ? ಮತ್ತೆ ಮಜ್ಜಿಗೆ ಕೂಡ ಬೇಡವಾ?

ಬಸಳೆಚಪ್ಪರ
200 ಮಿಲಿ ಹಾಲಿನಲ್ಲಿ ಸುಮಾರು 10 ಗ್ರಾಂ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ. ಜೀರ್ಣಶಕ್ತಿ ಕಡಿಮೆ ಇದ್ದವರೂ ಊಟದ ಜೊತೆ ಅಷ್ಟನ್ನು ಹೆಚ್ಚಾಗಿ ತಾಳಿಕೊಳ್ತಾರೆ, ಖಾಲಿ ಹೊಟ್ಟೆಗೆ ಕುಡಿದರೆ ಕಷ್ಟ. ಚೆನ್ನಾಗಿ ಹುಳಿ ಬಂದ ಮೊಸರಲ್ಲಿ ಲ್ಯಾಕ್ಟೋಸ್ ಸ್ವಲ್ಪ ಕಡಿಮೆ. ಅದಕ್ಕೆ ಮೂರು ಪಾಲು ನೀರು ಬೆರೆಸಿದ ಮಜ್ಜಿಗೆ ಬಹಳ ಮಂದಿಗೆ ಆಗ್ತದೆ. ಪೂರ್ತಿ ಬಿಟ್ಟರೆ ದಿನದ 1000 ಮಿಗ್ರಾಂ ಕ್ಯಾಲ್ಸಿಯಂ ಎಲ್ಲಿಂದ ಅಂತ ಲೆಕ್ಕ ಬೇಕು. ರಾಗಿ 100 ಗ್ರಾಮಿಗೆ ಸುಮಾರು 350 ಮಿಗ್ರಾಂ, ಮತ್ತೆ ಮುಳ್ಳು ಸಮೇತ ತಿನ್ನುವ ಸಣ್ಣ ಮೀನು, ಎಳ್ಳು. ಈಸ್ಟ್ರೊಜೆನ್ ನಿಲ್ಲಿಸುವ ಇಂಜೆಕ್ಷನ್ ಮೇಲೆ ಇರುವವರಿಗೆ ಎಲುಬು ಸವೆಯುವ ಅಪಾಯ ಮೊದಲೇ ಉಂಟು, ಅವರು ಸುಮ್ಮನೆ ಹಾಲು ಬಿಡಬಾರದು. ರಾಗಿಯೂ ಒಮ್ಮೆಲೇ ಮುದ್ದೆ ಬೇಡ, ಎರಡು ಚಮಚ ಹಿಟ್ಟಿನ ಅಂಬಲಿಯಿಂದ ಸುರು.

ಪೆರ್ಲಪೇಟೆ
ವಾಪಸ್ ತರುವ ಹಂತದ ಅಳತೆ ಹೇಳಲಿಲ್ಲ ನೀವು.

ಬಸಳೆಚಪ್ಪರ
ಒಂದು ವಸ್ತುವಿಗೆ ಮೂರು ದಿನ, ಆಮೇಲೆ ಮೂರು ದಿನ ವಿರಾಮ. ಹಾಲು ಕಾಲು ಕಪ್, ಅರ್ಧ, ಒಂದು. ಬೆಳ್ಳುಳ್ಳಿ ಕಾಲು ಎಸಳು, ಅರ್ಧ, ಒಂದು. ನೀರುಳ್ಳಿ ಒಂದು ದೊಡ್ಡ ಚಮಚ, ಎರಡು, ನಾಲ್ಕು. ಚಪಾತಿ ಅರ್ಧ, ಒಂದು, ಎರಡು. ಬಸಿದ ಕಾಳು ಎರಡು ದೊಡ್ಡ ಚಮಚ, ಕಾಲು ಕಪ್, ಅರ್ಧ ಕಪ್. ನೀರುಳ್ಳಿ, ಬೆಳ್ಳುಳ್ಳಿ, ಗೋಧಿ ಮೂರರಲ್ಲೂ ಫ್ರಕ್ಟಾನೇ ಇದ್ದರೂ ಬೇರೆ ಬೇರೆ ಪರೀಕ್ಷಿಸಿ, ಒಂದು ಆಗದವರಿಗೆ ಇನ್ನೊಂದು ಆದೀತು. ತೊಂದರೆ ಬಂದ ಪ್ರಮಾಣದಲ್ಲೇ ನಿಲ್ಲಿಸಿ, ಅದರ ಹಿಂದಿನದ್ದು ನಿಮ್ಮ ಮಿತಿ. ಉಳಿದ ಊಟ ಆ ದಿನಗಳಲ್ಲಿ ಇಳಿಸಿದ್ದೇ ಇರಬೇಕು.

ಕಡಲಕರೆ ಹೇಳಿದ ಕ್ಯಾಲೆಂಡರ್ ಇಲ್ಲಿ ಬೇಕು. 28 ದಿನದ ಚಕ್ರದಲ್ಲಿ 6ರಿಂದ 20ನೇ ದಿನದೊಳಗೆ ಮಾತ್ರ ಪರೀಕ್ಷೆ. ಅಂದರೆ ತಿಂಗಳಿಗೆ ಎರಡು ವಸ್ತು.

ಗುಜ್ಜೆಪಲ್ಯ
ಹಾಲು, ನೀರುಳ್ಳಿ, ಬೆಳ್ಳುಳ್ಳಿ, ಗೋಧಿ, ಕಾಳು, ಮಾವು, ಹೂಕೋಸು. ಏಳು. ಮೂರೂವರೆ ತಿಂಗಳು! ಮಾವಿನ ಸೀಸನ್ನೇ ಮುಗೀತದೆ.

ಬಸಳೆಚಪ್ಪರ
ಹೂಕೋಸು ಬೇಡದಿದ್ದರೆ ಕೊನೆಗೆ ಇಡಿ. ಯಾವುದು ಇಲ್ಲದೆ ಊಟ ಸೇರುವುದಿಲ್ಲವೋ ಅದರಿಂದ ಸುರು. ಎಪ್ರಿಲಿನಲ್ಲಾದರೆ ಮಾವೇ ಮೊದಲು.

ಕಡಲಕರೆ
ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಮುಟ್ಟಿನ ದಿನಗಳಲ್ಲಿ ಮಲದಲ್ಲಿ ರಕ್ತ, ಕಕ್ಕಸಿಗೆ ಕೂತರೆ ಚುಚ್ಚಿದಂಥ ನೋವು, ಮಲ ಪೆನ್ಸಿಲಿನ ಹಾಗೆ ಸಪೂರ, ಕಾರಣ ಇಲ್ಲದೆ ತೂಕ ಇಳಿಯುವುದು, ಇವು ಡಯಟಿನ ಅಡ್ಡ ಪರಿಣಾಮ ಅಲ್ಲ. ಎಂಡೋದ ಗಂಟು ಕರುಳಿಗೇ ಹತ್ತಿರಬಹುದು. ಎಂಡೋ ನೋಡಿ ಅನುಭವ ಇರುವವರ ಹತ್ತಿರ ಯೋನಿಯ ಒಳಗಿಂದ ಮಾಡುವ ಸ್ಕ್ಯಾನ್ ಅಥವಾ ಎಂಆರ್‌ಐ ಮಾಡಿಸಬೇಕು. ಕರುಳು ಕಿರಿದಾಗಿದ್ದರೆ ನಾರು ಹೆಚ್ಚು ಮಾಡುವ ಸಲಹೆಯೇ ಅಪಾಯ. ಬಾಳೆದಿಂಡು, ಬಾಳೆಕುಂಡಿಗೆ, ಗುಜ್ಜೆ, ಹಸಿ ಸೊಪ್ಪು ಎಲ್ಲ ಅಲ್ಲಿ ಸಿಕ್ಕಿಹಾಕಿಕೊಳ್ಳಬಹುದು. ವಾಂತಿ, ಉಬ್ಬಿದ ಹೊಟ್ಟೆ, ಹೂಸೂ ಹೋಗುವುದಿಲ್ಲ ಅಂತಾದರೆ ಜೀರಿಗೆ ನೀರು ಕುಡಿದು ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ.

ಮಾತ್ರೆಡಬ್ಬಿ
ಇದಕ್ಕೆ ಒಂದು ಸೇರಿಸುವೆ. ಮಲ ಮೆತ್ತಗೇ ಉಂಟು, ಆದರೂ ಹೊರಗೆ ಬರುವುದಿಲ್ಲ ಅನ್ನುವವರಿಗೆ ಇಸಬ್‌ಗೋಲ್ ಕೊಟ್ಟರೆ ಉಬ್ಬರ ಇನ್ನೂ ಜಾಸ್ತಿ. ಅಲ್ಲಿ ತೊಂದರೆ ಕೆಳಹೊಟ್ಟೆಯ ತಳದ ಸ್ನಾಯು ಬಿಗಿದುಕೊಂಡದ್ದು, ಅದಕ್ಕೆ ಫಿಸಿಯೋಥೆರಪಿ ಬೇಕು. ಕಮೋಡ್ ಆದರೆ ಕಾಲಡಿಗೆ ಸಣ್ಣ ಮಣೆ ಇಡಿ, ಮೊಣಕಾಲು ಸೊಂಟಕ್ಕಿಂತ ಮೇಲೆ ಬರಬೇಕು. ಇಸಬ್‌ಗೋಲ್ ಆಗುವವರು ಒಂದು ಟೀ ಚಮಚಕ್ಕೆ ದೊಡ್ಡ ಲೋಟ ನೀರು, ಕಲಸಿದ ಕೂಡಲೇ ಕುಡಿಯಿರಿ. ಗುಳಿಗೆಗಳಿಂದ ಎರಡು ಗಂಟೆ ದೂರ.

ಪೆರ್ಲಪೇಟೆ
ಅಂತೂ ಆ ವಾಟ್ಸಾಪ್ ಪಟ್ಟಿಯಲ್ಲಿ ಉಳಿದದ್ದು ಎಷ್ಟು?

ಒರಳುಕಲ್ಲು
ಗೋಧಿ, ಸಕ್ಕರೆ ಬಿಡಿ ಅಂದದ್ದರಲ್ಲಿ ಬೇಕರಿ ಬಿಡುವುದು ಉಳೀತು.

ಗುಜ್ಜೆಪಲ್ಯ
ಮತ್ತೆ ಹುರುಳಿ ಕಟ್ಟು. ಅದನ್ನು ನಾನು ಒಪ್ಪಿಲ್ಲ ಇನ್ನೂ.

ಬಸಳೆಚಪ್ಪರ
10ನೇ ದಿನ ಎರಡು ಚಮಚದಿಂದ ಸುರು ಮಾಡಿಸಿ, 12ನೇ ದಿನ ಒಪ್ಪುವಿರಂತೆ.